ಬಳಸಿ ಬಿಸಾಡುವ ರಾಸಾಯನಿಕ ರಕ್ಷಣಾ ಉಡುಪು: ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕೃಷಿ ಕೆಲಸದಲ್ಲಿ ಆಯ್ಕೆ ಮತ್ತು ಬಳಕೆ

ವಿಷಕಾರಿ ಅಥವಾ ಚರ್ಮವನ್ನು ಸುಡುವ ರಾಸಾಯನಿಕಗಳನ್ನು ಕಲಸುವ, ಸುರಿಯುವ, ಸಿಂಪಡಿಸುವ ಇಲ್ಲವೆ ಅವು ಬಿದ್ದ ಜಾಗದಲ್ಲಿ ದುಡಿಯುವ ಜನರ ಮೈಗೆ ಆ ವಸ್ತುಗಳು ತಾಗದಂತೆ ತಡೆಯುವುದಕ್ಕಾಗಿ ತಯಾರಿಸಿದ, ಒಂದು ಹೊತ್ತಿನ ಕೆಲಸ ಮುಗಿದೊಡನೆ ಅಥವಾ ಅದಕ್ಕೂ ಮೊದಲೇ ಮಲಿನಗೊಂಡರೆ ಆ ಕ್ಷಣವೇ ಕಳಚಿ ವಿಲೇವಾರಿ ಮಾಡಬೇಕಾದ ಉಡುಪಿಗೆ ಬಳಸಿ ಬಿಸಾಡುವ ರಾಸಾಯನಿಕ ರಕ್ಷಣಾ ಉಡುಪು ಎಂದು ಹೆಸರು. ತಲೆಗವಸು ಸಹಿತವಾಗಿ ಇಡೀ ಮೈಯನ್ನು ಮುಚ್ಚುವ ಕವರಾಲ್, ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಏಪ್ರನ್, ತೋಳುಚೀಲ, ಪಾದಚೀಲ ಮತ್ತು ತೆಳುವಾದ ಕೈಗವಸುಗಳು ಈ ಗುಂಪಿಗೆ ಸೇರುತ್ತವೆ. ಕಾರ್ಖಾನೆಗಳ ಮತ್ತು ಪ್ರಯೋಗಾಲಯಗಳ ಅಗತ್ಯಕ್ಕೆ ರೂಪುಗೊಂಡ ಈ ಉಡುಪುಗಳು ಕರ್ನಾಟಕದ ಹೊಲ ತೋಟಗಳಿಗೂ ಕಾಲಿಟ್ಟಿರುವುದರಿಂದ, ಬಿಸಿಲು, ಬೆಳೆ, ಕೂಲಿ ಮತ್ತು ಕೊಳ್ಳುವ ಶಕ್ತಿ ಎಲ್ಲವೂ ಬೇರೆಯಾಗಿರುವ ಈ ನೆಲದಲ್ಲಿ ಅವನ್ನು ಹೇಗೆ ಆಯ್ದು ಹೇಗೆ ತೊಡಬೇಕೆಂಬುದು ಪ್ರತ್ಯೇಕವಾಗಿ ವಿಚಾರ ಮಾಡಬೇಕಾದ ವಿಷಯವಾಗಿದೆ. ಈ ಲೇಖನವು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪೀಡೆನಾಶಕ ಸಿಂಪರಣೆಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ.

ಪ್ರದೇಶ ಮತ್ತು ಕೆಲಸದ ಸ್ವರೂಪ

ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಬೆಳೆಯಲ್ಲಿ ಒಂದೇ ಬಗೆಯವಲ್ಲ. ಕಡೂರು ಮಳೆನೆರಳಿನ ಬಯಲುಸೀಮೆಯಾಗಿದ್ದು, ಯಗಟಿ, ಪಂಚನಹಳ್ಳಿ, ಸಿಂಗಟಗೆರೆಗಳ ಕಡೆ ತೆಂಗು ಮತ್ತು ರಾಗಿ, ನೀರಾವರಿಯಿರುವಲ್ಲಿ ಅಡಿಕೆ ಹಾಗೂ ತರಕಾರಿ ಕಾಣುತ್ತವೆ. ತರೀಕೆರೆಯ ಪಶ್ಚಿಮದ ಅಂಚು ಮಲೆನಾಡಿಗೆ ತಾಗಿದ್ದು, ಲಕ್ಕವಳ್ಳಿಯ ಭದ್ರಾ ಜಲಾಶಯ ಇದೇ ತಾಲ್ಲೂಕಿನಲ್ಲಿದೆ. ಇಲ್ಲಿ ಅಡಿಕೆ, ತೆಂಗು, ಭತ್ತ ಮತ್ತು ಗುಡ್ಡದ ಕಡೆ ಕಾಫಿ ಇವೆ. ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರವು ಅಮೃತಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರದಿಂದ ಎಷ್ಟು ಪ್ರಸಿದ್ಧವೋ ಈರುಳ್ಳಿ ಬೆಳೆಯಿಂದಲೂ ಅಷ್ಟೇ ಪರಿಚಿತವಾಗಿದೆ.

ಈ ಬೆಳೆವೈವಿಧ್ಯದಿಂದಾಗಿ ಔಷಧಿ ಹೊಡೆಯುವವರ ಮೈಗೆ ವಿಷ ತಾಗುವ ದಿಕ್ಕೂ ಬೇರೆ ಬೇರೆಯಾಗುತ್ತದೆ. ಈರುಳ್ಳಿ ಮಡಿಗಳಲ್ಲಿ ಥ್ರಿಪ್ಸ್ ನುಸಿಗೂ ನೇರಳೆ ಮಚ್ಚೆ ರೋಗಕ್ಕೂ ಬೆನ್ನಿಗೆ ಹಾಕುವ ಪಂಪಿನಿಂದ ಸಿಂಪಡಿಸುವಾಗ ಮೂತಿ ಕೆಳಮುಖವಾಗಿರುವುದರಿಂದ, ಸಿಂಪಡಿಸಿದ ಸಾಲಿನಲ್ಲೇ ಮುಂದೆ ನಡೆಯುವವರ ಪಾದ, ಮೊಣಕಾಲು ಮತ್ತು ತೊಡೆ ಒದ್ದೆಯಾಗುತ್ತವೆ. ಅಡಿಕೆ ತೋಟದಲ್ಲಿ ಮರ ಹತ್ತುವ ಕೊನೆಗಾರರಿಂದಾಗಲಿ ನೆಲದಲ್ಲೇ ನಿಂತು ಉದ್ದನೆಯ ಫೈಬರ್ ದೋಟಿಯಿಂದಾಗಲಿ ಗೊನೆಗೆ ದ್ರಾವಣ ಹೊಡೆಸುವಾಗ, ಮೇಲಿನಿಂದ ತೊಟ್ಟಿಕ್ಕುವ ಹನಿಗಳು ತಲೆ, ಮುಖ, ಕುತ್ತಿಗೆ ಮತ್ತು ಭುಜಗಳ ಮೇಲೆ ಬೀಳುತ್ತವೆ. ತೆಂಗಿನ ಕಾಯಿ ನುಸಿ ಮತ್ತು ಕಪ್ಪುತಲೆ ಹುಳುವಿನ ಹತೋಟಿಗೆ ಬೇರಿನ ಮೂಲಕ ಔಷಧಿ ಉಣಿಸುವ ಪದ್ಧತಿಯಲ್ಲಿ ಗಾಳಿಗೆ ಹನಿ ಹಾರುವುದಿಲ್ಲವಾದರೂ, ಓರೆಯಾಗಿ ಕತ್ತರಿಸಿದ ಎಳೆಯ ಬೇರನ್ನು ಗಟ್ಟಿ ದ್ರಾವಣ ತುಂಬಿದ ಸಣ್ಣ ಚೀಲದೊಳಗೆ ಇಳಿಸಿ ಕಟ್ಟುವ ಬೆರಳುಗಳು ವಿಷಕ್ಕೆ ಅತ್ಯಂತ ಹತ್ತಿರದಲ್ಲಿರುತ್ತವೆ. ಸಿಂಪಡಿಸಿದ ಹೊಲಕ್ಕೆ ಕಳೆ ಕೀಳಲು ಇಳಿಯುವ ಹೆಂಗಸರಿಗೆ ಎಲೆಯ ಮೇಲೆ ಉಳಿದ ಶೇಷವು ಅಂಗೈ ಮತ್ತು ಸೀರೆಯ ಅಂಚಿನ ಮೂಲಕ ತಾಗುತ್ತದೆ.

ಚಾರಿತ್ರಿಕ ಹಿನ್ನೆಲೆ

ಈ ಭಾಗಕ್ಕೆ ವ್ಯವಸ್ಥಿತ ಸಿಂಪರಣೆಯ ಪರಿಚಯವಾದದ್ದು ಅಡಿಕೆಯ ಕೊಳೆರೋಗದ ಅಧ್ಯಯನದಿಂದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಸಿ. ಕೋಲ್ಮನ್ ಆ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ವಿವರಿಸಿ 1910ರಲ್ಲಿ ಪ್ರಕಟಿಸಿದರು, ಮತ್ತು ಮೈಲುತುತ್ತ ಹಾಗೂ ಸುಣ್ಣದಿಂದ ಮಾಡುವ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕಾಗುತ್ತವೆ. ಇದರ ಮುಖ್ಯ ಅಪಾಯ ಕಣ್ಣಿಗೆ ಮತ್ತು ಹಸಿಗಾಯಕ್ಕೆ ಆಗುವ ಉರಿಯಾದ್ದರಿಂದ ಹಳೆಯ ಬಟ್ಟೆ, ತಲೆಗೆ ಸುತ್ತಿದ ಟವೆಲು ಮತ್ತು ಕೆಲಸದ ನಂತರದ ಸ್ನಾನ ಇಷ್ಟರಲ್ಲೇ ದುಡಿಮೆ ಸಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆರ್ಗನೋಫಾಸ್ಫೇಟ್, ಅಂದರೆ ರಂಜಕದ ಸಾವಯವ ಸಂಯುಕ್ತಗಳಾದ ಕೀಟನಾಶಕಗಳು ಬಂದಾಗ ಸ್ಥಿತಿ ಬದಲಾಯಿತು. ಆದರೆ ತೊಡುವ ಬಟ್ಟೆ ಬದಲಾಗಲಿಲ್ಲ. ಮೈಲುತುತ್ತಕ್ಕೆ ಸಾಕಾಗುತ್ತಿದ್ದ ಹತ್ತಿ ಅಂಗಿಯಲ್ಲೇ ಚರ್ಮದ ಮೂಲಕ ಕೊಲ್ಲಬಲ್ಲ ದ್ರವಗಳನ್ನು ಹೊಡೆಯುವ ರೂಢಿ ಮುಂದುವರಿದುದೇ ಈ ವಿಷಯದ ತಿರುಳಿನಲ್ಲಿರುವ ಸಮಸ್ಯೆ.

1958ರಲ್ಲಿ ಕೇರಳದಲ್ಲಿ ಸಾಗಣೆಯ ವೇಳೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಾಗಿದ್ದ ಆಹಾರ ಪದಾರ್ಥ ತಿಂದು 100ಕ್ಕೂ ಹೆಚ್ಚು ಜನ ಸತ್ತ ದುರಂತವು ಮುಂದೆ 1968ರ ಕೀಟನಾಶಕ ಕಾಯ್ದೆಗೆ ದಾರಿಮಾಡಿತು. ಕಾಸರಗೋಡಿನ ಗೇರು ತೋಪುಗಳಲ್ಲಿ ಮತ್ತು ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಊರುಗಳಲ್ಲಿ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂಕಟ ಕನ್ನಡಿಗರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆಯುತ್ತಿದ್ದ ರೈತರು ಮತ್ತು ಕೂಲಿಗಳಲ್ಲಿ ಇಪ್ಪತ್ತು ಮಂದಿ ಸಾವಿಗೀಡಾದದ್ದು, ಸಿಂಪಡಿಸುವವರ ಮೈರಕ್ಷಣೆಯ ಪ್ರಶ್ನೆಯನ್ನು ನೇರವಾಗಿ ಮುಂದಿಟ್ಟಿತು.

ವಿಷವು ಚರ್ಮದ ಮೂಲಕ ಒಳಸೇರುವ ಬಗೆ

ಸಿಂಪರಣೆಯ ವೇಳೆ ಮೂಗು ಬಾಯಿಗಳಿಗೆ ಟವೆಲು ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಹೊಲದ ಕೆಲಸದಲ್ಲಿ ವಿಷವು ಮೈ ಸೇರುವ ಮುಖ್ಯ ದಾರಿ ಚರ್ಮವೇ ಆಗಿದೆ. ದೇಹದ ಎಲ್ಲ ಭಾಗದ ಚರ್ಮವೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಪ್ಯಾರಾಥಿಯಾನ್ ಬಳಸಿ ಅಮೆರಿಕದಲ್ಲಿ ನಡೆಸಿದ ಪ್ರಸಿದ್ಧ ಅಧ್ಯಯನದಲ್ಲಿ, ಮುಂಗೈಗೆ ಹೋಲಿಸಿದರೆ ನೆತ್ತಿ ಮತ್ತು ಹಣೆ ಸುಮಾರು 4 ಪಟ್ಟು, ಕಂಕುಳು ಸುಮಾರು 7 ಪಟ್ಟು, ವೃಷಣಚೀಲದ ಚರ್ಮ 11 ಪಟ್ಟಿಗೂ ಹೆಚ್ಚು ಹೀರುವುದು ಕಂಡುಬಂತು. ಬೆನ್ನುಪಂಪಿನ ಮುಚ್ಚಳ ಸೋರಿ ಸೊಂಟದಿಂದ ತೊಡೆಯ ಸಂದಿಗೆ ಇಳಿಯುವ ತೆಳುಧಾರೆಯು ಅಂಗೈಗೆ ಬಿದ್ದ ಹನಿಗಿಂತ ಏಕೆ ಹೆಚ್ಚು ಅಪಾಯಕಾರಿ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಬೆವರು, ಬಿಸಿಲಿನಿಂದ ಅರಳಿದ ರಕ್ತನಾಳ, ತರಚು ಮತ್ತು ಒದ್ದೆ ಬಟ್ಟೆಯನ್ನು ಗಂಟೆಗಟ್ಟಲೆ ಮೈಮೇಲೆ ಇಟ್ಟುಕೊಳ್ಳುವುದು ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆದ್ದರಿಂದ ದ್ರಾವಣದಲ್ಲಿ ನೆನೆದ ಹತ್ತಿ ಅಂಗಿಯು ರಕ್ಷಣೆಯಾಗುವ ಬದಲು ವಿಷದ ಪಟ್ಟಿಯನ್ನೇ ಮೈಗೆ ಕಟ್ಟಿದಂತಾಗುತ್ತದೆ.

ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಕೀಟನಾಶಕಗಳು ನರಗಳ ಸಂದೇಶವನ್ನು ಕೊನೆಗೊಳಿಸುವ ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಅದರಿಂದ ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಚುಕ್ಕೆಯಷ್ಟು ಕಿರಿದಾಗುವುದು, ಸ್ನಾಯುಗಳ ಅದುರುವಿಕೆ ಮತ್ತು ಉಸಿರುಕಟ್ಟುವಿಕೆ ಕಾಣಿಸಿಕೊಳ್ಳುತ್ತವೆ. ಇವಕ್ಕೆ ಅಟ್ರೋಪಿನ್ ಮೊದಲಾದ ಪ್ರತಿವಿಷಗಳಿವೆ. ಕಳೆನಾಶಕವಾದ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಅಲ್ಲಿ ತಾಗದಂತೆ ನೋಡಿಕೊಳ್ಳುವುದೊಂದೇ ಚಿಕಿತ್ಸೆ.

ಉಡುಪಿನ ವಸ್ತು ಮತ್ತು ತಡೆಯುವ ಶಕ್ತಿ

ರಾಸಾಯನಿಕವು ಉಡುಪನ್ನು ದಾಟುವುದು ಮೂರು ವಿಧದಲ್ಲಿ. ಮೊದಲನೆಯದು ತೂರುವಿಕೆ, ಅಂದರೆ ಹೊಲಿಗೆಯ ತೂತು, ಜಿಪ್, ನೂಲಿನ ಸಂದು ಅಥವಾ ಹರುಕಿನ ಮೂಲಕ ದ್ರವವು ದ್ರವವಾಗಿಯೇ ಒಳಬರುವುದು. ಎರಡನೆಯದು ಹಾಯುವಿಕೆ, ಅಂದರೆ ಕಣ್ಣಿಗೆ ಕಾಣುವ ತೂತಿಲ್ಲದ ಪದರದಲ್ಲೂ ರಾಸಾಯನಿಕದ ಅಣುಗಳು ಕರಗಿ, ಹರಡಿ, ಒಳಮೈಯಲ್ಲಿ ಹೊರಬೀಳುವುದು. ಮೂರನೆಯದು ಶಿಥಿಲತೆ, ಅಂದರೆ ರಾಸಾಯನಿಕ ತಾಗಿದ ವಸ್ತುವು ಉಬ್ಬಿ, ಮೆದುವಾಗಿ ಅಥವಾ ಬಿರುಕುಬಿಟ್ಟು ತನ್ನ ಗುಣ ಕಳೆದುಕೊಳ್ಳುವುದು. ಈ ಮೂರರಲ್ಲಿ ಹಾಯುವಿಕೆಯು ಕಣ್ಣಿಗೆ ಕಾಣದು, ಒಳಬಟ್ಟೆ ಒದ್ದೆಯೂ ಆಗದು; ತೊಟ್ಟವರಿಗೆ ತಿಳಿಯದಂತೆಯೇ ಅದು ನಡೆದುಹೋಗುವುದರಿಂದ ಆಯ್ಕೆಯ ವೇಳೆ ಅದನ್ನೇ ಹೆಚ್ಚು ಗಮನಿಸಬೇಕಾಗುತ್ತದೆ. ರಾಸಾಯನಿಕ ತಾಗಿದ ಕ್ಷಣದಿಂದ ಒಳಮೈಯಲ್ಲಿ ನಿಗದಿತ ವೇಗದಲ್ಲಿ ಹೊರಬರುವವರೆಗಿನ ಅವಧಿಗೆ ಭೇದನ ಕಾಲ ಎನ್ನುತ್ತಾರೆ. ಐರೋಪ್ಯ ವರ್ಗೀಕರಣದಲ್ಲಿ 10 ನಿಮಿಷ ಮೀರಿದ್ದು 1ನೆಯ ದರ್ಜೆ, 480 ನಿಮಿಷ ಮೀರಿದ್ದು 6ನೆಯ ದರ್ಜೆ. ಈ ಪರೀಕ್ಷೆಗಳು ಸಾಮಾನ್ಯವಾಗಿ ತಂಪಾದ ಪ್ರಯೋಗಾಲಯದ ಕೋಣೆಯಲ್ಲಿ ನಡೆಯುತ್ತವೆ. ಉಷ್ಣತೆ ಏರಿದಂತೆ ಹಾಯುವಿಕೆಯ ವೇಗವೂ ಏರುವುದರಿಂದ, ಬಯಲುಸೀಮೆಯ ಬೇಸಿಗೆಯಲ್ಲಿ ಪಟ್ಟಿಯಲ್ಲಿರುವ ನಿಮಿಷಗಳನ್ನು ಸುರಕ್ಷಿತ ಅವಧಿಯೆಂದು ನಂಬುವಂತಿಲ್ಲ.

ಬಳಸಿ ಬಿಸಾಡುವ ಉಡುಪುಗಳಲ್ಲಿ ನಾಲ್ಕು ಬಗೆಯ ವಸ್ತುಗಳು ಮುಖ್ಯವಾಗಿವೆ. ಪಾಲಿಪ್ರೊಪಿಲೀನ್ ಎಳೆಗಳನ್ನು ನೇಯದೆ ಪದರವಾಗಿ ಬೆಸೆದು ಮಾಡಿದ, ಎಸ್‌ಎಂಎಸ್ ಎಂದು ಕರೆಯಲ್ಪಡುವ ಬಟ್ಟೆಯು ಗಾಳಿಯಾಡುತ್ತದೆ, ಅಗ್ಗವಾಗಿದೆ, ಒಣ ಪುಡಿಯನ್ನೂ ಅಲ್ಪ ತುಂತುರನ್ನೂ ತಡೆಯುತ್ತದೆ. ಅದರ ಶಕ್ತಿ ಅಷ್ಟಕ್ಕೇ ಮುಗಿಯುತ್ತದೆ. ಪಾಲಿಎಥಿಲೀನ್‌ನ ಅತಿಸೂಕ್ಷ್ಮ ಎಳೆಗಳಿಂದ ಮಾಡಿದ, 1955ರಲ್ಲಿ ಡುಪಾಂಟ್ ಸಂಸ್ಥೆಯಲ್ಲಿ ಆಕಸ್ಮಿಕವಾಗಿ ಪತ್ತೆಯಾಗಿ 1967ರಿಂದ ಮಾರುಕಟ್ಟೆಯಲ್ಲಿರುವ ಟೈವೆಕ್ ಮಾದರಿಯ ಬಟ್ಟೆಯು ಇದಕ್ಕಿಂತ ಗಟ್ಟಿಯಾಗಿದ್ದು ಪುಡಿಯನ್ನು ಚೆನ್ನಾಗಿ ತಡೆಯುತ್ತದೆ. ಸೂಕ್ಷ್ಮರಂಧ್ರದ ತೆಳು ಹಾಳೆಯನ್ನು ಅಂಟಿಸಿದ ಬಟ್ಟೆಯು ನೀರು ಬೆರೆಸಿದ ದ್ರಾವಣವನ್ನು ತಡೆಯುತ್ತದಾದರೂ, ಎಣ್ಣೆಯಂಥ ಕರಗುವ ದ್ರವ ಬೆರೆತ ಗಟ್ಟಿ ಔಷಧಿಯ ಮುಂದೆ ಬೇಗ ಸೋಲುತ್ತದೆ. ತೂತಿಲ್ಲದ ಪ್ಲಾಸ್ಟಿಕ್ ಲೇಪ ಅಥವಾ ಹಲವು ಪದರಗಳ ಹಾಳೆಯುಳ್ಳ ಬಟ್ಟೆಯೇ ಗಟ್ಟಿ ರಾಸಾಯನಿಕವನ್ನು ನಿಜವಾಗಿ ತಡೆಯುವುದು. ಆದರೆ ಅದು ಬೆವರಿನ ಆವಿಯನ್ನೂ ಹೊರಬಿಡುವುದಿಲ್ಲ. ತಡೆಯುವ ಶಕ್ತಿ ಹೆಚ್ಚಿದಷ್ಟೂ ಮೈಯ ಶಾಖ ಒಳಗೇ ಉಳಿಯುತ್ತದೆ ಎಂಬುದು ಈ ಉಡುಪುಗಳ ಮೂಲಭೂತ ಇಕ್ಕಟ್ಟು.

ಬಟ್ಟೆಯಷ್ಟೇ ಹೊಲಿಗೆಯೂ ಮುಖ್ಯ. ಬರಿಯ ದಾರದ ಹೊಲಿಗೆಯಲ್ಲಿ ಸೂಜಿ ತೂತುಗಳ ಮೂಲಕ ದ್ರವ ಇಳಿಯುತ್ತದೆ. ಹೊಲಿಗೆಯ ಮೇಲೆ ಪಟ್ಟಿ ಬೆಸೆದಿದ್ದರೆ ಅಥವಾ ಶಾಖದಿಂದಲೇ ಅಂಚು ಕೂಡಿಸಿದ್ದರೆ ಮಾತ್ರ ಉಡುಪು ದ್ರವವನ್ನು ತಡೆಯಬಲ್ಲದು.

ಮಾನಕಗಳು

ಐಎಸ್‌ಒ 16602 ಮತ್ತು ಅದಕ್ಕೆ ಹೊಂದುವ ಐರೋಪ್ಯ ಮಾನಕಗಳು ರಾಸಾಯನಿಕ ಉಡುಪನ್ನು 1ರಿಂದ 6ರವರೆಗಿನ ಮಾದರಿಗಳಾಗಿ ವಿಂಗಡಿಸುತ್ತವೆ. ಸಂಖ್ಯೆ ಚಿಕ್ಕದಾದಷ್ಟೂ ರಕ್ಷಣೆ ಹೆಚ್ಚು. 1ನೆಯದು ಅನಿಲವೂ ನುಸುಳದ ಪೂರ್ಣ ಉಡುಪು. ಕುಡಿಯುವ ನೀರಿನ ಘಟಕದಲ್ಲಿ ಕ್ಲೋರಿನ್ ಸಿಲಿಂಡರು ಸೋರಿದಂಥ ಸಂದರ್ಭಕ್ಕೆ ಇಂಥದು, ಪ್ರತ್ಯೇಕ ಉಸಿರಾಟದ ಸಲಕರಣೆಯೊಂದಿಗೆ ಮತ್ತು ತರಬೇತಿ ಪಡೆದವರಿಗೆ ಮಾತ್ರ. 3ನೆಯದು ರಭಸದ ಧಾರೆಯನ್ನೂ, 4ನೆಯದು ಮೈತುಂಬ ಬೀಳುವ ತುಂತುರನ್ನೂ, 5ನೆಯದು ಗಾಳಿಯಲ್ಲಿ ತೇಲುವ ಒಣ ಪುಡಿಯನ್ನೂ, 6ನೆಯದು ಆಗಾಗ ಬೀಳುವ ಅಲ್ಪ ಸಿಡಿತವನ್ನೂ ತಡೆಯುತ್ತವೆ. ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಬಿಳಿಯ ಕವರಾಲ್‌ಗಳು ಬಹುಮಟ್ಟಿಗೆ 5 ಮತ್ತು 6ನೆಯ ಮಾದರಿಗೆ ಸೇರಿದವು ಎಂಬುದನ್ನು ಗಮನಿಸಬೇಕು.

ಪೀಡೆನಾಶಕ ಸಿಂಪಡಿಸುವವರಿಗೆಂದೇ ರೂಪಿಸಿದ ಐಎಸ್‌ಒ 27065 ಮಾನಕವು ಉಡುಪನ್ನು ಸಿ1, ಸಿ2, ಸಿ3 ಎಂಬ ಮೂರು ಮಟ್ಟಗಳಲ್ಲಿಡುತ್ತದೆ: ಕಡಿಮೆ ಅಪಾಯದ ಕೆಲಸಕ್ಕೆ ಸಿ1, ಹೆಚ್ಚು ತುಂತುರು ಬೀಳುವಲ್ಲಿ ಸಿ2, ಗಟ್ಟಿ ಔಷಧಿಯನ್ನು ಕೈಯಾಡಿಸುವಲ್ಲಿ ಸಿ3. ಕೈಗವಸುಗಳ ಐಎಸ್‌ಒ 18889 ಮಾನಕದಲ್ಲಿ ನೀರು ಬೆರೆಸಿದ ದ್ರಾವಣಕ್ಕೆ ಜಿ1, ಗಟ್ಟಿ ಔಷಧಿಗೂ ಆಗುವ ಜಿ2, ಸಿಂಪಡಿಸಿದ ಹೊಲಕ್ಕೆ ಮರಳಿ ಇಳಿಯುವವರಿಗಾಗಿ ಜಿಆರ್ ಎಂಬ ಗುರುತುಗಳಿವೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಿತವಾದ ಪಿಪಿಇ ಕಿಟ್ಟಿನ ಕವರಾಲ್ ಐಎಸ್ 17423 ಎಂಬ ಭಾರತೀಯ ಮಾನಕಕ್ಕೆ ಅನುಗುಣವಾದುದು. ಅದನ್ನು ರಕ್ತದಂಥ ದ್ರವ ಮತ್ತು ಸೋಂಕಿನ ತಡೆಗಾಗಿ ಪರೀಕ್ಷಿಸಿರುತ್ತಾರೆಯೇ ಹೊರತು ರಾಸಾಯನಿಕಕ್ಕಾಗಿ ಅಲ್ಲ. ನೋಡಲು ಒಂದೇ ಬಗೆಯಾಗಿರುವ ಆ ಉಡುಪನ್ನು ಔಷಧಿ ಹೊಡೆಯಲು ತೊಡುವುದು ಸುರಕ್ಷಿತವಲ್ಲ.

ಕಾನೂನಿನ ನೆಲೆ

1971ರ ಕೀಟನಾಶಕ ನಿಯಮಗಳ 39ನೆಯ ನಿಯಮವು ಕೀಟನಾಶಕದ ತಯಾರಿಕೆ, ಸಾಗಣೆ, ಹಂಚಿಕೆ ಮತ್ತು ಸಿಂಪರಣೆಯಲ್ಲಿ ತೊಡಗಿದವರಿಗೆ ತಕ್ಕ ರಕ್ಷಣಾ ಉಡುಪು ಇರಬೇಕೆನ್ನುತ್ತದೆ. ಮೈಮೇಲಿನ ಹೊರ ಉಡುಪು ಹಾಗೂ ತಲೆಗವಸು ಅಥವಾ ಟೋಪಿ, ಮುಂಗೈಯ ಅರ್ಧದವರೆಗೆ ಬರುವ ದ್ರವ ಇಳಿಯದ ಕೈಗವಸು, ಧೂಳು ನುಗ್ಗದ ಕನ್ನಡಕ ಮತ್ತು ಬೂಟು ಸೇರಿ ಒಂದು ಪೂರ್ಣ ಜೊತೆಯಾಗುತ್ತದೆ. 40ನೆಯ ನಿಯಮ ಉಸಿರಾಟದ ಸಲಕರಣೆಯನ್ನೂ, 44ನೆಯದು ಖಾಲಿ ಡಬ್ಬಿ ಮತ್ತು ತೊಳೆದ ನೀರಿನ ವಿಲೇವಾರಿಯನ್ನೂ ಕುರಿತವು. ರಕ್ಷಣಾ ಉಡುಪು ಪ್ರತಿ ಬಳಕೆಯ ನಂತರ ತೊಳೆದು ವಿಷ ಹೋಗಲಾಡಿಸಲು ಆಗುವಂಥದಾಗಿರಬೇಕೆಂದೂ 39ನೆಯ ನಿಯಮ ಹೇಳುವುದರಿಂದ, ಬಳಸಿ ಬಿಸಾಡುವ ಉಡುಪು ಆ ನಿಯಮದ ಅಕ್ಷರಕ್ಕೆ ಪೂರ್ತಿ ಹೊಂದುವುದಿಲ್ಲ. ಹಾಗಾಗಿ ತೊಳೆದು ಬಳಸುವ ಒಳ ಉಡುಪು, ಕೈಗವಸು ಮತ್ತು ಗಮ್‌ಬೂಟುಗಳನ್ನು ತಳಹದಿಯಾಗಿಟ್ಟುಕೊಂಡು, ಹೆಚ್ಚು ಅಪಾಯದ ಗಳಿಗೆಗಳಿಗೆ ಅದರ ಮೇಲೊಂದು ಹೊದಿಕೆಯಾಗಿ ಬಿಸಾಡುವ ಉಡುಪನ್ನು ಸೇರಿಸುವುದು ಸರಿಯಾದ ವಿವೇಚನೆ.

ಕೀಟನಾಶಕದ ಚೀಟಿಯ ಮೇಲಿರುವ ಚೌಕಾಕಾರದ ಗುರುತಿನ ಕೆಳ ಅರ್ಧದ ಬಣ್ಣವು ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಅತಿ ತೀವ್ರ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ಬಾಯಿಯ ಮೂಲಕ ದೇಹತೂಕದ ಕಿಲೋಗೆ 50 ಮಿಲಿಗ್ರಾಂವರೆಗೆ ಅಥವಾ ಚರ್ಮದ ಮೂಲಕ 200 ಮಿಲಿಗ್ರಾಂವರೆಗೆ ಇದ್ದರೆ ಅದಕ್ಕೆ ಕೆಂಪು. ತೆಂಗಿನ ಬೇರಿಗೆ ಉಣಿಸಲು ದೀರ್ಘಕಾಲ ಬಳಕೆಯಲ್ಲಿದ್ದ ಮೋನೋಕ್ರೋಟೋಫಾಸ್ ಕೆಂಪು ಗುರುತಿನದು. ಅದರ ಶೇಕಡಾ 36ರ ದ್ರವರೂಪವನ್ನು ಕೈಬಿಡುವಂತೆ ಕೇಂದ್ರ ಸರ್ಕಾರ 2023ರಲ್ಲಿ ಆದೇಶಿಸಿತು. ಬೇವಿನ ಅಜಾಡಿರಾಕ್ಟಿನ್ ಆಧಾರಿತ ದ್ರಾವಣವನ್ನು ಅದೇ ರೀತಿ ಬೇರಿಗೆ ಉಣಿಸಬಹುದಾದ್ದರಿಂದ, ಇಲ್ಲಿ ಉಡುಪಿಗಿಂತ ಮೊದಲು ಔಷಧಿಯನ್ನೇ ಬದಲಿಸುವ ದಾರಿ ತೆರೆದಿದೆ.

ಆಯ್ಕೆಯ ಕ್ರಮ

ಉಡುಪಿನ ಆಯ್ಕೆ ಅಂಗಡಿಯ ಕಪಾಟಿನಿಂದಲ್ಲ, ಔಷಧಿ ಡಬ್ಬಿಯ ಚೀಟಿಯಿಂದ ಆರಂಭವಾಗಬೇಕು. ಮೊದಲು ಆ ರಾಸಾಯನಿಕ ಬೇಕೇ, ಅದಕ್ಕಿಂತ ಕಡಿಮೆ ವಿಷದ್ದು ಸಾಕೇ, ಹೊಡೆಯುವ ವಿಧಾನ ಬದಲಿಸಿದರೆ ತಾಗುವುದು ತಗ್ಗೀತೇ ಎಂಬುದನ್ನು ವಿಚಾರಿಸಿ, ಇವುಗಳ ನಂತರವೂ ಉಳಿಯುವ ಅಪಾಯಕ್ಕೆ ಮಾತ್ರ ಉಡುಪನ್ನು ಉತ್ತರವಾಗಿ ಇಡಬೇಕು. ಆ ಬಳಿಕ ಗಮನಿಸಬೇಕಾದವು ನಾಲ್ಕು: ರಾಸಾಯನಿಕದ ವಿಷತೀವ್ರತೆ, ಅದರ ರೂಪ, ಅದರ ಗಟ್ಟಿತನ ಮತ್ತು ಮೈಯ ಯಾವ ಭಾಗಕ್ಕೆ ಅದು ಬೀಳುತ್ತದೆ ಎಂಬುದು.

ರೂಪದ ವಿಷಯದಲ್ಲಿ, ಡಬ್ಲ್ಯುಪಿ ಎಂದು ಗುರುತಿಸಿದ ನೀರಿನಲ್ಲಿ ಕಲಸುವ ಪುಡಿಗಳು ಸುರಿಯುವಾಗ ಧೂಳಾಗಿ ಏಳುತ್ತವೆ. ಆ ಗಳಿಗೆಗೆ 5ನೆಯ ಮಾದರಿಯ ಬಟ್ಟೆ ಮತ್ತು ಕಣ ತಡೆಯುವ ಮಾಸ್ಕ್ ಒಗ್ಗುತ್ತವೆ. ಇಸಿ ಎಂದು ಗುರುತಿಸಿದ, ನೀರಿಗೆ ಹಾಕಿದೊಡನೆ ಹಾಲಿನಂತಾಗುವ ದ್ರವಗಳಲ್ಲಿ ಝೈಲೀನ್‌ನಂಥ ಕರಗುವ ದ್ರವ ಇರುವುದರಿಂದ ಅವು ಸೂಕ್ಷ್ಮರಂಧ್ರದ ಬಟ್ಟೆಯನ್ನೂ ತೆಳು ರಬ್ಬರನ್ನೂ ಬೇಗ ಹಾಯುತ್ತವೆ. ಚೀಟಿಯ ಬಣ್ಣ ನೀಲಿ ಎಂಬ ಕಾರಣಕ್ಕೆ ಬಟ್ಟೆ ತಡೆದೀತೆಂದು ಭಾವಿಸುವಂತಿಲ್ಲ. ಬಣ್ಣ ವಿಷವನ್ನು ಹೇಳುತ್ತದೆ, ಬಟ್ಟೆಯ ಮೇಲೆ ಅದು ಮಾಡುವ ಪರಿಣಾಮವನ್ನಲ್ಲ.

ಗಟ್ಟಿತನದ ಲೆಕ್ಕ ಸರಳವಾಗಿದೆ. ಲೀಟರಿಗೆ 2 ಮಿಲಿ ಬೆರೆಸುವ ಔಷಧಿಯಾದರೆ ಡಬ್ಬಿಯೊಳಗಿನ ದ್ರವವು ಪಂಪಿನೊಳಗಿನ ದ್ರಾವಣಕ್ಕಿಂತ 500 ಪಟ್ಟು ಗಟ್ಟಿ. ದಿನವಿಡೀ ಹೊಡೆಯುವಾಗ ಬೀಳುವ ತುಂತುರಿಗಿಂತ ಬೆಳಿಗ್ಗೆ ಮುಚ್ಚಳ ತೆರೆದು ಅಳೆಯುವಾಗ ಕೈಮೇಲೆ ಚೆಲ್ಲುವ ಒಂದು ಚಮಚ ಹೆಚ್ಚು ವಿಷ ಸೇರಿಸಬಲ್ಲದು. ಆದ್ದರಿಂದ ಹಣ ಕಡಿಮೆಯಿರುವಲ್ಲಿ ಅದನ್ನು ಮೊದಲು ಖರ್ಚು ಮಾಡಬೇಕಾದದ್ದು ಕಲಸುವವರ ಮೇಲೆ: ಮೊಣಕೈವರೆಗಿನ, ಸುಮಾರು 0.35 ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ನೈಟ್ರೈಲ್ ಕೈಗವಸು, ಲೇಪವುಳ್ಳ ಏಪ್ರನ್, ಕನ್ನಡಕ, ಗಮ್‌ಬೂಟು. ಆಸ್ಪತ್ರೆಗಳಲ್ಲಿ ಬಳಸುವ ತೆಳು ಕೈಗವಸು ಗಟ್ಟಿ ಔಷಧಿಗೆ ತಕ್ಕುದಲ್ಲ. ಹತ್ತಿ ಅಥವಾ ಚರ್ಮದ ಕೈಗವಸು ವಿಷವನ್ನು ಹೀರಿ ಹಿಡಿದಿಡುವುದರಿಂದ ಬರಿಗೈಗಿಂತಲೂ ಕೆಟ್ಟದ್ದು. ಹಲವು ಕುಟುಂಬಗಳಲ್ಲಿ ನೀರು ತಂದು ಔಷಧಿ ಕಲಸಿಕೊಡುವ ಕೆಲಸ ಹೆಂಗಸರ ಪಾಲಿಗೆ ಬರುತ್ತದಾದ್ದರಿಂದ ಏಪ್ರನ್ ಮತ್ತು ಕೈಗವಸು ಅವರ ಅಳತೆಗೂ ದೊರೆಯಬೇಕು.

ಬೆಳೆಯ ಪ್ರಕಾರ ನೋಡಿದರೆ, ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಇಡೀ ಮೈಯ ಕವರಾಲ್‌ಗಿಂತ ಸೊಂಟದಿಂದ ಕೆಳಗಿನ ದ್ರವತಡೆಯ ಪ್ಯಾಂಟು, ಗಮ್‌ಬೂಟು ಮತ್ತು ಬೆನ್ನಿನ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹೆಚ್ಚು ಉಪಯುಕ್ತ. ಬೆನ್ನುಪಂಪಿನ ಪಟ್ಟಿ ಒತ್ತುವ ಭುಜ ಮತ್ತು ಬೆನ್ನಿನಲ್ಲಿ ಒತ್ತಡಕ್ಕೆ ಸಿಕ್ಕ ದ್ರವವು ತೆಳು ಬಟ್ಟೆಯನ್ನು ಸುಲಭವಾಗಿ ತೂರುತ್ತದೆ. ತರೀಕೆರೆ ಮತ್ತು ಕಡೂರಿನ ಅಡಿಕೆ ತೋಟಗಳಲ್ಲಿ ಎಲೆಚುಕ್ಕೆ ರೋಗಕ್ಕೆ ಪ್ರೋಪಿಕೊನಝೋಲ್‌ನಂಥ ಶಿಲೀಂಧ್ರನಾಶಕವನ್ನು ದೋಟಿಯಿಂದ ಹೊಡೆಯುವಾಗ ತಲೆಗವಸುಳ್ಳ 4ನೆಯ ಮಾದರಿಯ ಕವರಾಲ್, ಮುಖ ಪೂರ್ತಿ ಮುಚ್ಚುವ ಪಾರದರ್ಶಕ ಹಾಳೆ ಬೇಕು. ಬೋರ್ಡೋ ದ್ರಾವಣಕ್ಕಾದರೆ ತೊಳೆದು ಬಳಸುವ ಉದ್ದ ತೋಳಿನ ಬಟ್ಟೆ, ಅಂಚಗಲದ ಟೋಪಿ, ಕೈಗವಸು ಮತ್ತು ಬಿಗಿಯಾದ ಕನ್ನಡಕ ಸಾಕಾಗುತ್ತವೆ. ಮರ ಹತ್ತುವವರಿಗೆ ಸಡಿಲವಾದ ಬಿಸಾಡುವ ಉಡುಪು ತಕ್ಕುದಲ್ಲ. ಅದು ಕಾಂಡಕ್ಕೆ ಉಜ್ಜಿ ಹರಿಯುತ್ತದೆ, ಜಾರುವ ಅಪಾಯವನ್ನೂ ತರುತ್ತದೆ. ಡ್ರೋನ್ ಬಳಸುವಲ್ಲಿ ಸಿಂಪಡಿಸುವವರು ದೂರದಲ್ಲಿರುತ್ತಾರಾದರೂ ಅದರ ತೊಟ್ಟಿಗೆ ತುಂಬುವ ದ್ರಾವಣ ಹೆಚ್ಚು ಗಟ್ಟಿಯಾಗಿರುವುದರಿಂದ ಕಲಸುವವರ ರಕ್ಷಣೆ ಇನ್ನೂ ಮುಖ್ಯವಾಗುತ್ತದೆ.

ಕವರಾಲ್ ಉಸಿರಾಟವನ್ನು ಕಾಯುವುದಿಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕು. ಎನ್95 ಮಾಸ್ಕ್ ಹನಿ ಮತ್ತು ಪುಡಿಯನ್ನು ತಡೆಯುತ್ತದೆ, ಆವಿಯನ್ನಲ್ಲ. ಆವಿಯಾಗುವ ಔಷಧಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್‌ನ ಮಾಸ್ಕ್ ಬೇಕು.

ತೊಡುವುದು ಮತ್ತು ಕಳಚುವುದು

ತೊಡುವ ಮುನ್ನ ಉಡುಪನ್ನು ಬೆಳಕಿಗೆ ಹಿಡಿದು ಹೊಲಿಗೆ, ಜಿಪ್ ಮತ್ತು ತೋಳಿನ ಅಂಚನ್ನು ಪರೀಕ್ಷಿಸಬೇಕು. ತೊಟ್ಟ ಮೇಲೆ ಕೈ ಮೇಲೆತ್ತಿ, ಬಗ್ಗಿ, ಕುಕ್ಕರುಗಾಲಿನಲ್ಲಿ ಕುಳಿತು ನೋಡಿದಾಗ ತೊಡೆಸಂದಿ ಅಥವಾ ಬೆನ್ನು ಬಿಗಿದರೆ ಒಂದು ಅಳತೆ ದೊಡ್ಡದನ್ನು ಆರಿಸಬೇಕು. ಒಳಗೆ ತೆಳು ಹತ್ತಿಯ ಉದ್ದ ತೋಳಿನ ಬಟ್ಟೆ ಇರಬೇಕು. ಪ್ಯಾಂಟಿನ ಕಾಲು ಯಾವಾಗಲೂ ಬೂಟಿನ ಹೊರಗೆ ಇಳಿಬಿದ್ದಿರಬೇಕು. ಕೈಗವಸಿನ ವಿಷಯದಲ್ಲಿ ನಿಯಮ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ: ಈರುಳ್ಳಿಯಂಥ ತಗ್ಗಿನ ಬೆಳೆಗೆ ಕೈ ಕೆಳಗಿಟ್ಟು ಹೊಡೆಯುವಾಗ ತೋಳಿನ ಅಂಚು ಕೈಗವಸಿನ ಮೇಲೆ ಬರಬೇಕು, ಅಡಿಕೆಗೆ ಕೈ ಮೇಲೆತ್ತಿ ಹೊಡೆಯುವಾಗ ತೋಳಿನ ಅಂಚು ಕೈಗವಸಿನ ಒಳಗೆ ಸೇರಿ, ಇಳಿದು ಬರುವ ದ್ರವ ಮೊಣಕೈಯತ್ತ ಓಡದಂತೆ ಕೈಗವಸಿನ ಬಾಯಿಯನ್ನು ಹೊರಕ್ಕೆ ಮಡಚಬೇಕು.

ಮಲಿನವಾದ ಉಡುಪನ್ನು ತಪ್ಪಾಗಿ ಕಳಚಿದರೆ ತೊಟ್ಟ ಪ್ರಯೋಜನವೇ ಹಾಳಾಗುತ್ತದೆ. ಮೊದಲು ಕೈಗವಸು ತೊಟ್ಟಿರುವಾಗಲೇ ಕೈಗವಸು ಮತ್ತು ಬೂಟುಗಳನ್ನು ಸೋಪುನೀರಿನಲ್ಲಿ ತೊಳೆದು, ತಲೆಗವಸನ್ನು ಹಿಂದಕ್ಕೆ ಸರಿಸಿ, ಜಿಪ್ ತೆರೆದು, ಉಡುಪನ್ನು ಭುಜದಿಂದ ಕೆಳಗೆ ಒಳಮೈ ಹೊರಗಾಗುವಂತೆ ಸುರುಳಿ ಸುತ್ತುತ್ತ ಇಳಿಸಬೇಕು. ಆಮೇಲೆ ಕನ್ನಡಕ ಮತ್ತು ಮಾಸ್ಕ್, ಕಡೆಯಲ್ಲಿ ಕೈಗವಸು. ತಕ್ಷಣ ಸೋಪು ಹಚ್ಚಿ ಸ್ನಾನ ಮಾಡಿ, ಒಳಬಟ್ಟೆಯನ್ನು ಮನೆಯ ಬಟ್ಟೆಗಳಿಂದ ಬೇರೆಯಾಗಿ ಒಗೆಯಬೇಕು. ಬೀಡಿ, ಎಲೆ-ಅಡಿಕೆ, ಊಟ ಇವೆಲ್ಲ ಕೈ ತೊಳೆದ ನಂತರವೇ. ವಿಷ ತಾಗಿದ ಲಕ್ಷಣ ಕಂಡರೆ ಬಟ್ಟೆ ಕಳಚಿ, ಮೈ ತೊಳೆದು, ಡಬ್ಬಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಸಾಗಿಸಬೇಕು.

ಬಿಸಿಲು ಎಂಬ ಮಿತಿ

ಗಾಳಿಯಾಡದ ಉಡುಪಿನೊಳಗೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಬೆನ್ನ ಮೇಲೆ 16 ಲೀಟರಿನ ಪಂಪು ಹೊತ್ತು ಬಯಲುಸೀಮೆಯ ಬಿಸಿಲಲ್ಲಿ ನಡೆಯುವವರಿಗೆ ಇದು ತಲೆಸುತ್ತು, ಸ್ನಾಯುಸೆಳೆತ ಮತ್ತು ಪ್ರಾಣಕ್ಕೆ ಕುತ್ತಾಗುವ ಶಾಖಾಘಾತ ತರಬಲ್ಲದು. ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು, 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಅದಕ್ಕಾಗಿ ಕೈಗವಸು ಕಳಚಿ ಕೈತೊಳೆಯುವ ಏರ್ಪಾಡು, ಒಬ್ಬರೇ ಇಡೀ ದಿನ ಹೊಡೆಯದೆ ಸರದಿ ಬದಲಿಸುವುದು, ಹೊಸಬರಿಗೆ ಮೊದಲ ದಿನಗಳಲ್ಲಿ ಅರ್ಧ ಹೊತ್ತಿನ ಕೆಲಸ ಇವು ಅಗತ್ಯ ಕ್ರಮಗಳು. ಹಾಗೆಯೇ ಬೆವರಿ ಸುಸ್ತಾಗುವುದು ಶಾಖದ ಲಕ್ಷಣವೂ ಹೌದು, ಆರ್ಗನೋಫಾಸ್ಫೇಟ್ ವಿಷದ ಲಕ್ಷಣವೂ ಹೌದಾದ್ದರಿಂದ ಯಾವುದನ್ನೂ ಬಿಸಿಲಿನ ಸುಸ್ತೆಂದು ತಳ್ಳಿಹಾಕಬಾರದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಕೂಡಿ ರೂಪಿಸಿದ ಪೀಡೆನಾಶಕ ನಿರ್ವಹಣೆಯ ಅಂತರರಾಷ್ಟ್ರೀಯ ನಡವಳಿಕೆ ಸಂಹಿತೆಯು ಈ ಇಕ್ಕಟ್ಟನ್ನು ನೇರವಾಗಿ ಗುರುತಿಸಿದೆ. ತೊಡಲು ಹಿಂಸೆಯಾಗುವ, ದುಬಾರಿಯಾದ ಅಥವಾ ಸುಲಭವಾಗಿ ಸಿಗದ ರಕ್ಷಣಾ ಉಡುಪು ಬೇಕಾಗುವಂಥ ಪೀಡೆನಾಶಕಗಳನ್ನು, ವಿಶೇಷವಾಗಿ ಬಿಸಿ ಹವೆಯ ನಾಡುಗಳ ಸಣ್ಣ ರೈತರು ಮತ್ತು ಕೃಷಿ ಕೂಲಿಗಳು ಬಳಸದಂತೆ ತಪ್ಪಿಸಬೇಕೆಂಬುದು ಅದರ ನಿಲುವು.

ವಿಲೇವಾರಿ

ಒಮ್ಮೆ ತೊಟ್ಟ ಬಿಸಾಡುವ ಉಡುಪನ್ನು ಒಗೆದು ಮತ್ತೆ ತೊಡುವುದು ಅತ್ಯಂತ ಸಾಮಾನ್ಯವಾದ ಮತ್ತು ಅತ್ಯಂತ ಅಪಾಯಕರವಾದ ಮಿತವ್ಯಯ. ಒಗೆತದಿಂದ ಲೇಪ ಬಿರಿಯುತ್ತದೆ, ಪದರದೊಳಗೆ ಸೇರಿದ ವಿಷ ಹೋಗುವುದಿಲ್ಲ, ನೀರು ಮಲಿನವಾಗುತ್ತದೆ. ಅಯ್ಯನಕೆರೆ, ಮದಗದ ಕೆರೆ, ವೇದಾವತಿಯ ಹಳ್ಳಗಳು ಮತ್ತು ಭದ್ರಾ ನಾಲೆಗಳನ್ನು ನಂಬಿದ ಈ ಸೀಮೆಯಲ್ಲಿ ಪಂಪನ್ನಾಗಲಿ ಉಡುಪನ್ನಾಗಲಿ ಆ ನೀರಿನಲ್ಲಿ ತೊಳೆಯುವುದು ಕುಡಿಯುವ ದನಕರುಗಳಿಗೂ ಮೀನಿಗೂ ಹಾನಿ. ಹೊಲದ ಬದುವಿನಲ್ಲಿ ಸುಡುವುದರಿಂದ ಪ್ಲಾಸ್ಟಿಕ್ಕಿನ ಹೊಗೆಯ ಜೊತೆ ಔಷಧಿಯ ಹೊಗೆಯೂ ಸೇರುತ್ತದೆ. ಬಳಸಿದ ಉಡುಪನ್ನು ಒಳಮೈ ಹೊರಗಾಗಿ ಸುತ್ತಿ, ದಪ್ಪ ಚೀಲದಲ್ಲಿ ಕಟ್ಟಿ, ಗುರುತು ಬರೆದು, ಮಕ್ಕಳ ಕೈಗೆ ಸಿಗದಂತೆ ಬೇರೆಯಾಗಿಟ್ಟು, ಅಪಾಯಕಾರಿ ತ್ಯಾಜ್ಯವನ್ನು ಪಡೆಯುವ ವ್ಯವಸ್ಥೆಗೆ ಒಪ್ಪಿಸುವುದು ಸರಿಯಾದ ಕ್ರಮ. ಒಬ್ಬ ಸಣ್ಣ ರೈತನಿಂದ ಇದು ಆಗುವ ಕೆಲಸವಲ್ಲವಾದ್ದರಿಂದ ಔಷಧಿ ಮಾರುವವರು, ಪಂಚಾಯಿತಿ ಮತ್ತು ಹೋಬಳಿಯ ರೈತ ಸಂಪರ್ಕ ಕೇಂದ್ರ ಒಟ್ಟಾಗಿ ಸಂಗ್ರಹಣೆಯ ಏರ್ಪಾಡು ಮಾಡಬೇಕಾಗುತ್ತದೆ.

ಪರ್ಯಾಯಗಳು ಮತ್ತು ಹೊಣೆ

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ಸೆಪಿಯೊ ಹೆಲ್ತ್ ಎಂಬ ಕಂಪನಿಯೊಂದಿಗೆ ಸೇರಿ ರೂಪಿಸಿದ ಕಿಸಾನ್ ಕವಚ ಎಂಬ ಉಡುಪು 2024ರ ಡಿಸೆಂಬರ್ 17ರಂದು ಬಿಡುಗಡೆಯಾಯಿತು. ಇದರ ಹತ್ತಿ ಬಟ್ಟೆಗೆ ರಾಸಾಯನಿಕವಾಗಿ ಬೆಸೆದ ಅಣುಗಳು ಆರ್ಗನೋಫಾಸ್ಫೇಟ್‌ನಂಥ ಕೀಟನಾಶಕ ತಾಗಿದೊಡನೆ ಅದನ್ನು ಒಡೆದು ನಿರ್ವಿಷಗೊಳಿಸುತ್ತವೆ. ತಡೆಯುವ ಗೋಡೆಯಾಗುವ ಬದಲು ವಿಷವನ್ನೇ ಮುರಿಯುವುದರಿಂದ ಗಾಳಿಯಾಡುವ ಬಟ್ಟೆಯಲ್ಲೂ ರಕ್ಷಣೆ ಸಾಧ್ಯವಾಗುತ್ತದೆ. ಒಗೆದು ಸುಮಾರು ಒಂದು ವರ್ಷ ಬಳಸಬಹುದಾದ ಇದರ ಆರಂಭದ ಬೆಲೆ ಸುಮಾರು 4,000 ರೂಪಾಯಿ ಎಂದು ಪ್ರಕಟಿಸಲಾಯಿತು. ಎಲ್ಲ ಬಗೆಯ ರಾಸಾಯನಿಕಕ್ಕೂ ಈ ಅಣುಗಳು ಸಮಾನವಾಗಿ ಕೆಲಸ ಮಾಡಲಾರವಾದ್ದರಿಂದ ಕಲಸುವ ವೇಳೆಯ ಕೈಗವಸು ಮತ್ತು ಏಪ್ರನ್ನಿನ ಅಗತ್ಯ ಉಳಿದೇ ಇರುತ್ತದೆ.

ತಾಂತ್ರಿಕ ಪ್ರಶ್ನೆಗಳೆಲ್ಲ ಪರಿಹಾರವಾದರೂ ಉಡುಪಿನ ಖರ್ಚು ಯಾರದೆಂಬ ಪ್ರಶ್ನೆ ಉಳಿಯುತ್ತದೆ. ಈ ತಾಲ್ಲೂಕುಗಳಲ್ಲಿ ಸಿಂಪರಣೆಯು ಬಹುಪಾಲು ದಿನಗೂಲಿಯ ಅಥವಾ ಡ್ರಮ್ಮಿನ ಲೆಕ್ಕದ ಗುತ್ತಿಗೆಯ ಕೆಲಸ. ಒಂದೇ ಹಂಗಾಮಿನಲ್ಲಿ ಹತ್ತಾರು ತೋಟಗಳಿಗೆ ಹೊಡೆಯುವ ಕೂಲಿಕಾರನ ಮೈಗೆ ಪ್ರತಿ ತೋಟದ ವಿಷವೂ ಸೇರುತ್ತದೆ, ಆದರೆ ಯಾವ ತೋಟದ ಖರ್ಚಿನ ಪಟ್ಟಿಯಲ್ಲೂ ಅವನ ಉಡುಪು ಕಾಣಿಸುವುದಿಲ್ಲ. ಔಷಧಿ, ಪಂಪು, ಪೆಟ್ರೋಲುಗಳಂತೆ ಉಡುಪನ್ನೂ ಬೆಳೆಯ ಖರ್ಚೆಂದೇ ಎಣಿಸಿ, ಹೊಡೆಸುವವರೇ ಅದನ್ನು ಒದಗಿಸಬೇಕಾದದ್ದು ನ್ಯಾಯ. ಒಂದು ಔಷಧಿಯನ್ನು ಸುರಕ್ಷಿತವಾಗಿ ಹೊಡೆಯಲು ಬೇಕಾದ ಉಡುಪನ್ನು ಒದಗಿಸಲಾಗದಿದ್ದರೆ, ಅಥವಾ ಒದಗಿಸಿದರೂ ಈ ಬಿಸಿಲಿನಲ್ಲಿ ತೊಡಲಾಗದಿದ್ದರೆ, ಆ ಔಷಧಿ ಈ ನೆಲಕ್ಕೆ ಸೂಕ್ತವಲ್ಲವೆಂದು ತೀರ್ಮಾನಿಸಿ ಬೇರೊಂದನ್ನು ಹುಡುಕುವುದೇ ರಕ್ಷಣಾ ಉಡುಪಿನ ಆಯ್ಕೆಯ ಮೊದಲ ಹೆಜ್ಜೆಯಾಗಿದೆ.